ಸೇವಂತಿ ಕೊಟ್ಟ ಜಬಾನಿ

ಬಿಜಾಪುರದ ಕೋರ್ಟಿನಲ್ಲಿ ಮೂವತ್ತು ವರ್ಷ ಸಾಕ್ಷಿದಾರರ ಜಬಾನಿ ಬರೆದುಕೊಂಡ ನೀಲಕಂಠಪ್ಪನವರಿಗೆ ಒಂದೇ ಒಂದು ಹೆಮ್ಮೆ ಇತ್ತು. ಸಾಕ್ಷಿ ಹೇಳಿದ್ದನ್ನು ತಾವು ಒಂದಕ್ಷರ ಹೆಚ್ಚಿಸದೆ, ಒಂದಕ್ಷರ ಇಳಿಸದೆ ಕಾಗದಕ್ಕೆ ಹಾಕಿದವರು ಎಂಬುದು. ಎಂಥೆಂಥ ನ್ಯಾಯಾಧೀಶರು ಬಂದು ಹೋದರೂ ನೀಲಕಂಠಪ್ಪನವರ ಕೈಬರಹದ ಮೇಲೆ ಯಾರೂ ತಕರಾರು ಎತ್ತಲಿಲ್ಲವಂತೆ. ಇದನ್ನು ಅವರೇ ಹೇಳುತ್ತಿದ್ದರು, ಕೇಳಿದವರಿಗೂ ಕೇಳದವರಿಗೂ.

ನಿವೃತ್ತರಾಗಿ ಪರೇಲಿನಲ್ಲಿದ್ದ ಮಗನ ಮನೆಗೆ ಬಂದ ಮೇಲೆ ಅವರ ಕೈಗೆ ಕೆಲಸವಿಲ್ಲದಾಯಿತು. ಸುಮ್ಮನೆ ಕೂತರೆ ಸೊಸೆಯ ಅಡಿಗೆಯಲ್ಲಿ ತಪ್ಪು ಹುಡುಕುತ್ತಾರೆಂದು ಮಗನೇ ಅವರನ್ನು ಬೈಕುಲ್ಲಾದ ಕನ್ನಡ ಸಂಘಕ್ಕೆ ಕರೆದೊಯ್ದು ಪರಿಚಯ ಮಾಡಿಸಿದ. ವರ್ಷ ತುಂಬುವುದರೊಳಗೆ ಅವರು ಸಂಘದ ಶಾಲೆಗೆ ಕಾರ್ಯದರ್ಶಿಯಾದರು. ಒಂದು ಹಳೆಯ ಚಾಳಿನ ಮೊದಲ ಮಾಳಿಗೆಯಲ್ಲಿ ನಾಲ್ಕು ಕೋಣೆ, ನಾಲ್ಕು ಇಯತ್ತೆ, ನೂರಾ ಹತ್ತು ಮಕ್ಕಳು, ಅದೇ ಶಾಲೆ.

ಬಿಜಾಪುರ ಆಗಿನ್ನೂ ಮುಂಬಯಿ ರಾಜ್ಯದಲ್ಲಿತ್ತು, ಉಡುಪಿ ಮದರಾಸಿನಲ್ಲಿತ್ತು. ಕನ್ನಡಿಗರೆಲ್ಲ ಒಂದಾಗಬೇಕೆಂದು ಸಂಘದ ಸಭೆಗಳಲ್ಲಿ ಗಂಟಲು ಹರಿಯುವಂತೆ ಭಾಷಣಗಳಾಗುತ್ತಿದ್ದವು. ಭಾಷಣ ಮುಗಿದ ಮೇಲೆ ಧಾರವಾಡ, ಬಿಜಾಪುರದ ಕಡೆಯವರು ಒಂದು ಬೆಂಚಿನಲ್ಲಿ, ಕರಾವಳಿಯವರು ಇನ್ನೊಂದು ಬೆಂಚಿನಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ಚಹಾ ಮಾತ್ರ ಎರಡೂ ಬೆಂಚಿಗೂ ಮೋನಪ್ಪ ಶೆಟ್ಟರ ಹೋಟೆಲಿನಿಂದಲೇ ಬರುತ್ತಿತ್ತು.

ಆ ಮೋನಪ್ಪ ಶೆಟ್ಟರಿಂದಲೇ ಒಂದು ಗುರುವಾರ ದೂರಿನ ಕಾಗದ ಬಂತು. ತಮ್ಮ ಹೋಟೆಲಿನ ಅಡಿಗೆಯ ದೂಜನ ಮಗಳು ಸೇವಂತಿಯನ್ನು ಒಂದನೆಯ ಇಯತ್ತೆಯ ಟೀಚರ್ ಕಾಲಿನ ಮೀನಖಂಡದ ಮೇಲೆ ಬಾಸುಂಡೆ ಏಳುವ ಹಾಗೆ ಹೊಡೆದಿದ್ದಾರೆ, ತಾವೇ ಕಣ್ಣಾರೆ ಕಂಡಿದ್ದೇವೆ, ಟೀಚರನ್ನು ವಿಚಾರಣೆ ಮಾಡಿ ಕೆಲಸದಿಂದ ತೆಗೆಯಬೇಕು ಎಂದು ಬರೆದಿದ್ದರು. ಶೆಟ್ಟರು ಕಂಡದ್ದು ಬಾಸುಂಡೆಯನ್ನು, ಹೊಡೆದದ್ದನ್ನಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜಾತಿಯ ಮನುಷ್ಯ ಅವರು. ಕೆಟ್ಟವರಲ್ಲ, ಮಗುವಿನ ಕಾಲು ನೋಡಿ ಹೊಟ್ಟೆ ಉರಿದಿತ್ತು, ಅಷ್ಟೆ.

ಒಂದನೆಯ ಇಯತ್ತೆಯ ಟೀಚರ್ ಎಂದರೆ ಬಸಲಿಂಗವ್ವ ಹಿರೇಮಠ. ನವಲಗುಂದದ ಕಡೆಯವರು, ಜಂಗಮರ ಮನೆತನ. ಗಂಡ ತೀರಿಕೊಂಡ ಮೇಲೆ ಪರೀಕ್ಷೆ ಕಟ್ಟಿ ಶಿಕ್ಷಕಿಯಾಗಿ ಮುಂಬಯಿಗೆ ಬಂದು, ಒಂದು ಕೋಣೆ ಹಿಡಿದು, ಮಗಳು ಕಾಶವ್ವನನ್ನು ಧಾರವಾಡದಲ್ಲಿ ಓದಿಸುತ್ತಿದ್ದರು. ಜಂಗಮರ ಹೆಣ್ಣುಮಗಳೆಂದು ತಮ್ಮ ಕಡೆಯ ಮಕ್ಕಳು, ದೊಡ್ಡವರು, ಸ್ವತಃ ನೀಲಕಂಠಪ್ಪನವರು ಎಲ್ಲರೂ ಅವರನ್ನು ‘ಅಮ್ಮೋರು’ ಎಂದೇ ಕರೆಯುತ್ತಿದ್ದರು. ನಗು ಕಡಿಮೆ, ಮಾತು ಕಡಿಮೆ, ಮೇಜಿನ ಮೇಲೆ ಯಾವಾಗಲೂ ಒಂದು ಫೂಟುಪಟ್ಟಿ. ಇಂಥವರ ಮೇಲೆ ದೂರು ಬಂದರೆ ಜನ ಬೇಗ ನಂಬುತ್ತಾರೆ. ಆದರೆ ಮಕ್ಕಳನ್ನು ಹೊಡೆದು ಗಾಯ ಮಾಡಿದಳೆಂದು ಒಮ್ಮೆ ಕಾಗದದ ಮೇಲೆ ಬಿದ್ದರೆ ಮುಂಬಯಿಯಲ್ಲೂ ಧಾರವಾಡದಲ್ಲೂ ಯಾವ ಶಾಲೆಯೂ ಅವರನ್ನು ಹೊಸ್ತಿಲೊಳಗೆ ಬಿಡುತ್ತಿರಲಿಲ್ಲ. ತಾಯಿಯ ಕೆಲಸ ಹೋದರೆ ಮಗಳ ಓದೂ ಅಲ್ಲಿಗೇ ನಿಲ್ಲುತ್ತಿತ್ತು.

ವಿಚಾರಣೆ ನೀಲಕಂಠಪ್ಪನವರ ಪಾಲಿಗೆ ಬಂತು. ಅವರಿಗೆ ಒಳಗೊಳಗೇ ಖುಷಿಯೂ ಆಯಿತು, ಸುಳ್ಳು ಯಾಕೆ ಹೇಳಬೇಕು. ಬಹಳ ದಿನದ ಮೇಲೆ ಪೆಟ್ಟಿಗೆಯಿಂದ ಹಳೆಯ ಟಾಕು, ಮಸಿಕುಡಿಕೆ ತೆಗೆದರು. ಜೊತೆಗೆ ಒಂದು ಅಳುಕೂ ಇತ್ತು. ಅಮ್ಮೋರು ತಮ್ಮ ಕಡೆಯವರು. ನಮ್ಮವಳೆಂದು ಮುಚ್ಚಿಹಾಕಿದ ಎಂದು ಕರಾವಳಿಯ ಬೆಂಚು ನಾಳೆ ಆಡಿಕೊಳ್ಳಬಾರದು. ತಕ್ಕಡಿ ನಮ್ಮ ಕಡೆ ವಾಲಬಾರದೆಂದು ಅವರು ಅದನ್ನು ಆಚೆ ಕಡೆಗೇ ಕೊಂಚ ಒತ್ತಿ ಹಿಡಿದರು. ವಿಚಾರಣೆ ಮುಗಿಯುವ ತನಕ ಶಾಲೆಗೆ ಕಾಲಿಡಬಾರದೆಂದು ಅಮ್ಮೋರಿಗೆ ಅಂದೇ ಚೀಟಿ ಹೋಯಿತು.

ಶುಕ್ರವಾರ ಸೇವಂತಿಯನ್ನು ಆಫೀಸು ಕೋಣೆಗೆ ಕರೆತಂದದ್ದು ಶಾಲೆಯ ಆಯಾ ರಾಜೀವಿ. ಉಡುಪಿ ಕಡೆಯ ಹೆಂಗಸು, ಮಕ್ಕಳಿಗೆ ನೀರು ಕೊಡುವುದು, ಕೋಣೆ ಗುಡಿಸುವುದು ಅವಳ ಕೆಲಸ. ಮಗುವಿನ ಪಕ್ಕ ನಿಂತಿರುತ್ತೇನೆ ಎಂದಳು. ಸಾಕ್ಷಿ ಹೇಳುವಾಗ ಮೂರನೆಯವರು ಇರಕೂಡದೆಂದು ನೀಲಕಂಠಪ್ಪನವರು ಅವಳನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು. ಕಾನೂನು ಕಾನೂನೇ.

ಏಳು ವರ್ಷದ ಹುಡುಗಿ. ಊರಿನಿಂದ ಬಂದು ನಾಲ್ಕು ತಿಂಗಳಾಗಿತ್ತು. ಕಾಲಿನ ಮೇಲೆ ಮೂರು ಬಾಸುಂಡೆ, ಒಂದರ ತುದಿಯಲ್ಲಿ ಚರ್ಮ ಸುಲಿದಿತ್ತು. ನೀಲಕಂಠಪ್ಪನವರಿಗೆ ಅದನ್ನು ನೋಡಲಾಗಲಿಲ್ಲ. ಆದಷ್ಟು ಮೆತ್ತಗೆ ಕೇಳಿದರು.

“ಯಾರು ಹೊಡದ್ರವ್ವಾ ನಿನಗ?”

ಹುಡುಗಿ ನೆಲ ನೋಡುತ್ತ ಪಿಸುಗುಟ್ಟಿದಳು. “ಅಮ್ಮೆರ್.”

ಇನ್ನೊಮ್ಮೆ ಕೇಳಿದರು. ಅದೇ ಉತ್ತರ ಬಂತು. ಆದರೂ ಒಂದು ಕೈ ಮೇಲೇ ಇರಲೆಂದು, ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಹಿರಿಯರ ಮಾತಿನಂತೆ, ಮನೆಯ ಕಡೆಯಿಂದಲೂ ಒಂದು ಪ್ರಶ್ನೆ ಹಾಕಿದರು.

“ಅಪ್ಪ? ಅಪ್ಪ ಹೊಡದನೇನು?”

ಹುಡುಗಿ ತಲೆ ಅಲ್ಲಾಡಿಸಿದಳು. ಶಾಲೆಯಲ್ಲಿ ಕಲಿತ ನಾಲ್ಕು ಕನ್ನಡ ಶಬ್ದಗಳಲ್ಲಿ ಒಂದನ್ನು ಹುಡುಕಿ ತಂದು, “ಅಪ್ಪೆ ಇಲ್ಲ” ಎಂದಳು. ಅಷ್ಟು ಹೇಳಿದವಳೇ ಬಿಕ್ಕಿ ಬಿಕ್ಕಿ ಅಳತೊಡಗಿದಳು.

ನೀಲಕಂಠಪ್ಪನವರಿಗೆ ಇನ್ನೇನು ಬೇಕು? ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಶುದ್ಧ ಗ್ರಾಂಥಿಕದಲ್ಲಿ ಬರೆದರು: ತನ್ನನ್ನು ಹೊಡೆದವರು ಅಮ್ಮನವರೆಂದು ಬಾಲಕಿ ಎರಡು ಸಲ ಹೇಳಿದಳು, ತಂದೆ ಹೊಡೆದನೇ ಎಂಬ ಪ್ರಶ್ನೆಗೆ ಇಲ್ಲವೆಂದು ಸ್ಪಷ್ಟವಾಗಿ ನುಡಿದಳು. ಕೋರ್ಟಿನಲ್ಲಾದರೆ ಬರೆದದ್ದನ್ನು ಸಾಕ್ಷಿಗೆ ಓದಿ ಹೇಳಿ ಸರಿಯೇ ಎಂದು ಕೇಳುವ ಪದ್ಧತಿಯಿತ್ತು. ಅಳುವ ಕೂಸಿಗೆ ಏನು ಓದಿ ಹೇಳುವುದೆಂದು ಅಂದು ಅದನ್ನು ಬಿಟ್ಟರು.

ಸಂಜೆ ಅಮ್ಮೋರನ್ನು ಕರೆಸಿದರು. ಬಸಲಿಂಗವ್ವ ಕುರ್ಚಿ ತೋರಿಸಿದರೂ ಕೂಡಲಿಲ್ಲ. ಕಾಲಿಗೆ ತಾವು ಹೊಡೆದಿಲ್ಲ ಎಂದಷ್ಟೇ ಹೇಳಿದರು. ಆಮೇಲೆ ಕೇಳಿದರು.

“ಕೂಸು ನನ್ನ ಹೆಸರು ಹೇಳೇದೇನ್ರಿ?”

ನೀಲಕಂಠಪ್ಪನವರು ಹೌದೆಂದರು. ಬಸಲಿಂಗವ್ವನ ಮುಖ ಇಳಿದುಹೋಯಿತು. ಏನೋ ನೆನಪು ಮಾಡಿಕೊಳ್ಳುವವರಂತೆ ಸ್ವಲ್ಪ ಹೊತ್ತು ನಿಂತರು. ವಾದ ಮಾಡಲಿಲ್ಲ, ಅಳಲಿಲ್ಲ. ಮಕ್ಕಳು ಸುಳ್ಳು ಹೇಳುವುದಿಲ್ಲ, ನಿಮಗೆ ತಿಳಿದಂತೆ ಮಾಡಿರಿ ಎಂದು ಹೇಳಿ ಸೆರಗು ಹೊದ್ದು ಮೆಟ್ಟಿಲಿಳಿದರು. ತಪ್ಪಿಲ್ಲದವರು ಹೀಗೆ ಸುಮ್ಮನೆ ಹೋಗುತ್ತಾರೆಯೇ ಎಂದು ನೀಲಕಂಠಪ್ಪನವರಿಗೆ ಅನ್ನಿಸಿತು. ಆ ರಾತ್ರಿಯೇ ವರದಿ ಮುಗಿಸಿದರು: ಆರೋಪ ಸಾಬೀತಾಗಿದೆ, ಶಿಕ್ಷಕಿಯನ್ನು ಕೆಲಸದಿಂದ ಬಿಡಿಸತಕ್ಕದ್ದು. ಕರ್ತವ್ಯ ಮಾಡಿದ್ದೇನೆಂದು ತಮಗೆ ತಾವೇ ನಾಲ್ಕು ಸಲ ಹೇಳಿಕೊಂಡರು. ನಾಲ್ಕು ಸಲ ಹೇಳಿಕೊಳ್ಳಬೇಕಾಗಿ ಬಂತೆಂದರೆ ಮನಸ್ಸು ಒಪ್ಪಿರಲಿಲ್ಲವೆಂದೇ ಅರ್ಥ.

ಭಾನುವಾರ ಸಭೆ. ಶನಿವಾರ ಅರ್ಧ ದಿನದ ಶಾಲೆ ಬಿಟ್ಟಾಗ ನೀಲಕಂಠಪ್ಪನವರು ಆಫೀಸಿನಲ್ಲಿ ಕೂತು ವರದಿಯ ಎರಡನೆಯ ಪ್ರತಿ ತೆಗೆಯುತ್ತಿದ್ದರು. ಹೊರಗೆ ಮಕ್ಕಳ ಗದ್ದಲ. ಅದರ ನಡುವೆ ಸೇವಂತಿಯ ಕೂಗು ಕೇಳಿತು.

“ಅಮ್ಮೆರ್ ಬತ್ತೆರ್!”

ನೀಲಕಂಠಪ್ಪನವರು ಟಾಕು ಇಟ್ಟು ಎದ್ದರು. ಬರಬೇಡಿರೆಂದು ಚೀಟಿ ಕೊಟ್ಟಿದ್ದರೂ ಅಮ್ಮೋರು ಬಂದರೇ? ಬಂದು ಮಗುವನ್ನು ಹೆದರಿಸುತ್ತಿದ್ದಾರೆಯೇ? ಸಿಟ್ಟಿನಿಂದ ಮೆಟ್ಟಿಲಿನ ತಲೆಗೆ ಬಂದು ನೋಡಿದರೆ ಅಮ್ಮೋರ ಸುಳಿವೇ ಇಲ್ಲ. ಕೆಳಗೆ ಹೋಟೆಲಿನ ಮಸಿ ಹತ್ತಿದ ಪಂಚೆಯುಟ್ಟ ದೂಜ ನಿಂತಿದ್ದ. ಸೇವಂತಿ ನೋಯುವ ಕಾಲನ್ನು ಎಳೆದು ಹಾಕುತ್ತ ಅವನ ಕಡೆಗೆ ಇಳಿಯುತ್ತಿದ್ದಳು.

ಪಕ್ಕದಲ್ಲಿ ಕಸಬರಿಗೆ ಹಿಡಿದು ನಿಂತಿದ್ದ ರಾಜೀವಿಯನ್ನು ಅವರು ಕೇಳಿದರು, ಅಮ್ಮೋರು ಎಲ್ಲಿ ಎಂದು. ರಾಜೀವಿಗೆ ನಗು ಬಂತು.

“ಅಮ್ಮೋರಲ್ಲ ಸಾರ್, ಅಮ್ಮೆರ್. ನಮ್ಮ ತುಳುವಿನಲ್ಲಿ ಅಮ್ಮೆರ್ ಅಂದ್ರೆ ಅಪ್ಪ. ಅವಳ ಅಪ್ಪ ಬಂದದ್ದಲ್ವಾ, ಅದಕ್ಕೆ ಕೂಗಿದ್ದು.”

“ಅಪ್ಪ? ಮತ್ತ ತಾಯಿಗೆ ಏನಂತೀರಿ?”

“ಅಪ್ಪೆ. ಪಾಪ, ಇವಳ ಅಪ್ಪೆ ಊರಲ್ಲೇ ತೀರಿಹೋದದ್ದು ಸಾರ್.”

ನೀಲಕಂಠಪ್ಪನವರು ಮೆಟ್ಟಿಲಿನ ಕಟಾಂಜನ ಹಿಡಿದುಕೊಂಡರು. ಅಮ್ಮೆರ್ ಅಂದರೆ ಅಪ್ಪ. ಅಪ್ಪೆ ಅಂದರೆ ಅಮ್ಮ. ಅಪ್ಪ ಹೊಡೆದನೇ ಎಂದು ತಾವು ಕೇಳಿದಾಗ ಆ ಮಗು ಕೇಳಿಸಿಕೊಂಡದ್ದು ತಾಯಿಯ ಹೆಸರನ್ನು. ತಾಯಿ ಇಲ್ಲ ಎಂದು ಹೇಳಿ ಅತ್ತಿತು. ಅದನ್ನು ತಾವು ತಂದೆಯ ಬಿಡುಗಡೆಯೆಂದು ಬರೆದುಕೊಂಡಿದ್ದರು. ತಾಯಿ ಸತ್ತ ಕೂಸಿನ ಅಳುವನ್ನು ಒಬ್ಬ ನಿರಪರಾಧಿ ಹೆಂಗಸಿನ ವಿರುದ್ಧ ಸಾಕ್ಷಿಯಾಗಿ ನಿಲ್ಲಿಸಿದ್ದರು. ಅರವತ್ತೆರಡು ವರ್ಷದ ಮನುಷ್ಯನಿಗೆ ನಾಚಿಕೆಯಾಯಿತು.

ಒಳಗೆ ಹೋಗಿ ಜಬಾನಿಯನ್ನು ಮತ್ತೆ ನೋಡಿದರು. ಇನ್ನೂ ಕೆಟ್ಟದ್ದು ಕಂಡಿತು. ಮಗು ಹೇಳಿದ ಶಬ್ದ ಅದರಲ್ಲಿ ಎಲ್ಲೂ ಇರಲಿಲ್ಲ. ‘ಅಮ್ಮನವರು’ ಇತ್ತು, ‘ತಂದೆ’ ಇತ್ತು, ‘ಸ್ಪಷ್ಟವಾಗಿ ನುಡಿದಳು’ ಇತ್ತು. ಕೇಳಿದ್ದನ್ನು ಕೇಳಿದ ಹಾಗೆಯೇ ಬರೆದಿದ್ದರೆ ಮೋನಪ್ಪ ಶೆಟ್ಟರು ಒಂದು ನೋಟಕ್ಕೆ ತಿಳಿದುಕೊಳ್ಳುತ್ತಿದ್ದರು. ಮೂವತ್ತು ವರ್ಷ ಒಂದಕ್ಷರ ಬದಲಿಸದವನೆಂದು ಮೆರೆದವರು ಮಗುವಿನ ಮಾತನ್ನು ತೊಳೆದು, ಇಸ್ತ್ರಿ ಮಾಡಿ, ಬೇರೆಯೇ ಅರಿವೆ ಮಾಡಿಬಿಟ್ಟಿದ್ದರು.

ದೂಜನನ್ನು ಹೊರಗೆ ನಿಲ್ಲಿಸಿ, ಸೇವಂತಿಯನ್ನು ಮತ್ತೆ ಕರೆಸಿದರು. ಈ ಸಲ ರಾಜೀವಿ ಮಗುವನ್ನು ತೊಡೆಯ ಮೇಲೆ ಕೂಡಿಸಿಕೊಂಡು ನಡುವೆ ಕೂತಳು. ಕಾನೂನು ಅರಬ್ಬೀ ಸಮುದ್ರ ಸೇರಲಿ ಎಂದುಕೊಂಡರು ನೀಲಕಂಠಪ್ಪನವರು.

ಮಗು ಹೇಳಿತು, ರಾಜೀವಿ ಕನ್ನಡಕ್ಕೆ ತಿರುಗಿಸಿದಳು. ಮಂಗಳವಾರ ಶಾಲೆ ಬಿಟ್ಟ ಮೇಲೆ ಸೇವಂತಿ ಅಪ್ಪನ ಕೋಣೆಗೆ ಹೋಗಲಿಲ್ಲ. ದಾರಿಯಲ್ಲಿ ಸಿಕ್ಕಸಿಕ್ಕವರನ್ನು ಹಡಗು ಎಲ್ಲಿ ಎಂದು ಕೇಳುತ್ತ ಹಡಗು ನಿಲ್ಲುವ ಭಾವುಚಾ ಧಕ್ಕೆಯವರೆಗೆ ನಡೆದಿದ್ದಳು. ಅಪ್ಪ ಅವಳನ್ನು ಊರಿನಿಂದ ಕರೆತಂದು ಇಳಿಸಿದ್ದು ಅಲ್ಲೇ. ಅದೇ ಹಡಗು ಹತ್ತಿದರೆ ಊರು ಬರುತ್ತದೆ, ಊರಿನಲ್ಲಿ ತಾಯಿ ಇರಬಹುದು, ನೋಡಿಬರೋಣ ಎಂದುಕೊಂಡಿದ್ದಳು. ದೂಜ ಎರಡು ಗಂಟೆ ಹುಚ್ಚನಂತೆ ಹುಡುಕಿದ. ಸಿಕ್ಕಾಗ ಅವಳು ನೀರಿನ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ಕೋಣೆಗೆ ಎತ್ತಿಕೊಂಡು ಬಂದು ಒಲೆಯ ಪಕ್ಕದ ಸೌದೆ ತೆಗೆದುಕೊಂಡು ಹೊಡೆದ. ಹೊಡೆದು ಮುಗಿಸಿ ಅವನೇ ಅತ್ತ.

ಇಷ್ಟು ಹೇಳಿ ಸೇವಂತಿ ರಾಜೀವಿಯ ಕಿವಿಯಲ್ಲಿ ಏನೋ ಕೇಳಿದಳು. ರಾಜೀವಿ ಅವಳ ತಲೆ ಸವರಿದಳು.

“ಏನಂತಾಳ?”

“ನೀವು ಈಗ ಅವಳ ಅಪ್ಪನಿಗೆ ಹೊಡೀತೀರಾ ಅಂತ ಕೇಳ್ತಾಳೆ ಸಾರ್.”

ಸಾಕ್ಷಿಯ ಪ್ರಶ್ನೆಗೆ ಗುಮಾಸ್ತ ಉತ್ತರ ಕೊಟ್ಟದ್ದು ಯಾವ ಕೋರ್ಟಿನಲ್ಲೂ ಇಲ್ಲ. ನೀಲಕಂಠಪ್ಪನವರು ಉತ್ತರ ಕೊಟ್ಟರು. ಇಲ್ಲವ್ವಾ, ಯಾರೂ ಹೊಡೆಯುವುದಿಲ್ಲ ಎಂದು ಆ ಹುಡುಗಿಗೆ ಎರಡು ಸಲ ಹೇಳಿದರು.

ದೂಜ ಒಳಗೆ ಬಂದವನು ಗೋಡೆಗೊರಗಿ ನಿಂತ. ಏನನ್ನೂ ಮುಚ್ಚಿಡಲಿಲ್ಲ. ಮಗು ಊಟಕ್ಕೆ ಹೋಟೆಲಿನ ಹಿಂಬಾಗಿಲಿಗೆ ಬಂದಾಗ ಧನಿಗಳು ಕಾಲು ನೋಡಿ ಯಾರು ಹೊಡೆದದ್ದು ಎಂದು ಗುಡುಗಿದರು. ಹೆದರಿಕೆಗೆ ಬಾಯಿಗೆ ಬಂದದ್ದು ಟೀಚರ್ ಎಂಬ ಮಾತು. ಧನಿಗಳು ಕಾಗದ ಬರೆದರು. ಆ ಮೇಲೆ ಮಾತು ಅವನ ಕೈಯಲ್ಲಿ ಉಳಿಯಲಿಲ್ಲ. ನಿಜ ತಿಳಿದರೆ ಧನಿಗಳು ತನ್ನನ್ನು ಹೊರಗೆ ಹಾಕುತ್ತಾರೆ, ಹೋಟೆಲು ಬಿಟ್ಟರೆ ತನಗೆ ಬೇರೆ ಏನೂ ಬರುವುದಿಲ್ಲ, ಮಗುವನ್ನು ಕಟ್ಟಿಕೊಂಡು ಎಲ್ಲಿ ಹೋಗಲಿ ಎಂದು ಕೈ ಮುಗಿದ. ನೀಲಕಂಠಪ್ಪನವರಿಗೆ ಅವನ ಮೇಲೆ ಸಿಟ್ಟು ಮಾಡಲು ಆಗಲಿಲ್ಲ. ಅಮ್ಮೋರಿಗೂ ಶಾಲೆ ಬಿಟ್ಟರೆ ಬೇರೆ ಏನೂ ಬರುವುದಿಲ್ಲಪ್ಪಾ, ನಾಳೆ ಸಭೆಗೆ ಬಾ ಎಂದರು. ತಾವು ಮೊದಲು ತಮ್ಮ ತಪ್ಪು ಹೇಳುತ್ತೇವೆ, ಆಮೇಲೆ ಅವನದು ಅವನಿಗೆ ಬಿಟ್ಟದ್ದು.

ಭಾನುವಾರ ಎರಡೂ ಬೆಂಚು ತುಂಬಿದ್ದವು. ಬಸಲಿಂಗವ್ವ ಬಾಗಿಲ ಹತ್ತಿರ ನಿಂತಿದ್ದರು, ದೂಜ ಚಹಾದ ಕಿಟ್ಲಿ ಹಿಡಿದು ಅವರಿಗಿಂತ ಹಿಂದೆ. ನೀಲಕಂಠಪ್ಪನವರು ಎದ್ದು ನಿಂತು, ಶುಕ್ರವಾರ ಬರೆದ ವರದಿಯನ್ನು ತಾವೇ ಹರಿದು ಹಾಕಿದ್ದೇವೆಂದು ಮೊದಲು ಹೇಳಿದರು. ಮೋನಪ್ಪ ಶೆಟ್ಟರ ಹುಬ್ಬು ಗಂಟಾಯಿತು. ಕಡೆಗೂ ತಮ್ಮವಳನ್ನು ಉಳಿಸಿಕೊಂಡರು ಎಂದು ಯಾರೋ ಗೊಣಗಿದ್ದು ಎಲ್ಲರಿಗೂ ಕೇಳಿಸಿತು.

“ಇನ್ನ ನಾ ಓದೋದು ಕೂಸಿನ ಬಾಯಿಂದ ಬಂದದ್ದು,” ಎಂದರು ನೀಲಕಂಠಪ್ಪನವರು. “ಯಾರು ಹೊಡದ್ರು ಅಂತ ಕೇಳಿದೆ. ‘ಅಮ್ಮೆರ್’ ಅಂತು. ಅಪ್ಪ ಹೊಡದನೇನು ಅಂತ ಕೇಳಿದೆ. ‘ಅಪ್ಪೆ ಇಲ್ಲ’ ಅಂತು.”

ಕರಾವಳಿಯ ಬೆಂಚಿನವರೆಲ್ಲ ತಲೆಯೆತ್ತಿದರು. ಬಿಡಿಸಿ ಹೇಳುವ ಅಗತ್ಯ ಅಲ್ಲಿ ಯಾರಿಗೂ ಇರಲಿಲ್ಲ. ಮೋನಪ್ಪ ಶೆಟ್ಟರು ನಿಧಾನವಾಗಿ ಬಾಗಿಲ ಕಡೆ ತಿರುಗಿದರು. ದೂಜ ಕಿಟ್ಲಿಯನ್ನು ನೆಲಕ್ಕಿಟ್ಟು, ಮಂಗಳವಾರ ಸಂಜೆ ಮಗು ಸತ್ತ ತಾಯಿಯನ್ನು ಹುಡುಕಿ ಧಕ್ಕೆಗೆ ಹೋಗಿತ್ತು, ಅದಕ್ಕೆ ತಾನೇ ಹೊಡೆದದ್ದು, ಟೀಚರಿಗೆ ಇದರಲ್ಲಿ ಏನೂ ಗೊತ್ತಿಲ್ಲ ಎಂದು ತಲೆ ತಗ್ಗಿಸಿದ.

ಇತ್ತ ಇನ್ನೊಂದು ಬೆಂಚಿನವರು ಏನಾಯಿತೆಂದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ನೀಲಕಂಠಪ್ಪನವರು ಅವರಿಗಾಗಿ ಎರಡು ಶಬ್ದದ ಅರ್ಥ ಹೇಳಿದರು. ತಮಗೆ ತುಳು ಬರುವುದಿಲ್ಲ, ಬರುವವರನ್ನು ಬಾಗಿಲ ಹೊರಗೆ ನಿಲ್ಲಿಸಿದ್ದೆವು, ತಪ್ಪು ತಮ್ಮದು ಎಂದರು. ಕಾಗದದ ಕೊನೆಯ ಸಾಲನ್ನೂ ಓದಿದರು: ಶಿಕ್ಷಕಿ ಬಸಲಿಂಗವ್ವ ನಿರ್ದೋಷಿ.

ಮೋನಪ್ಪ ಶೆಟ್ಟರಿಗೆ ಮಾತ್ರ ಸಿಟ್ಟು ಇಳಿದಿರಲಿಲ್ಲ. ತಮ್ಮ ಕೈಯಿಂದ ಸುಳ್ಳು ಕಾಗದ ಬರೆಸಿದವನು ನಾಳೆಯಿಂದ ತಮ್ಮ ಹೋಟೆಲಿನ ಮೆಟ್ಟಿಲು ಹತ್ತಬಾರದು ಎಂದರು. ಸಭೆಗೆ ಅದೂ ಸರಿಯೆನ್ನಿಸಿತು. ಆಗ ಬಸಲಿಂಗವ್ವ ಮುಂದೆ ಬಂದರು.

“ಅವನ್ನ ಬಿಡಿಸಬ್ಯಾಡ್ರಿ. ನನ್ನ ಹೆಸರಿನ ಮುಂದ ನಿರ್ದೋಷಿ ಅಂತ ಬರೀಬ್ಯಾಡ್ರಿ.”

ಯಾರಿಗೂ ತಿಳಿಯಲಿಲ್ಲ. ಅವರು ತಮ್ಮ ಅಂಗೈ ನೋಡಿಕೊಳ್ಳುತ್ತ ಹೇಳಿದರು.

“ಮಂಗಳವಾರ ಮುಂಜಾನೆ ಮಕ್ಕಳಿಗೆಲ್ಲಾ ನಿಮ್ಮಪ್ಪನ ಹೆಸರು ಹೇಳ್ರಿ ಅಂದೆ. ಆ ಕೂಸು ಎದ್ದು ನಿಂತು ‘ಅಪ್ಪೆ ಇಲ್ಲ’ ಅಂತು. ದಿನಾ ಬಂದು ಬಿಟ್ಟು ಹೋಗೋ ಅಪ್ಪನ್ನ ಇಲ್ಲಂತಾಳ, ಇಷ್ಟ ಸಣ್ಣಾಕಿ ಸುಳ್ಳು ಕಲತಾಳ ಅಂತ ಫೂಟುಪಟ್ಟೀಲೆ ಅಂಗೈಗೆ ಎರಡು ಕೊಟ್ಟೆ. ಇಲ್ಲ ಅನಬಾರದು, ಅದಾನ ಅನ್ನು ಅಂತ ಅನಿಸಿದೆ. ಅಪ್ಪೆ ಅದಾಳ ಅಂತ ನಾನ ಹೇಳಿ ಕಳಿಸಿದಂಗಾತು. ಅದ ಸಂಜಿಗೆ ಕೂಸು ಧಕ್ಕಿಗೆ ಹೋತು.”

ಹೆಸರು ಹೇಳಿದ್ದಾಳೆ ಎಂದಾಗ ಈಕೆ ವಾದ ಮಾಡದೆ ಮೆಟ್ಟಿಲಿಳಿದದ್ದು ಯಾಕೆಂದು ನೀಲಕಂಠಪ್ಪನವರಿಗೆ ಈಗ ತಿಳಿಯಿತು. ಆ ಎರಡು ಏಟಿನ ನೆನಪು ಬಂದಿತ್ತು. ಅವರು ‘ನಿರ್ದೋಷಿ’ ಎಂಬ ಶಬ್ದಕ್ಕೆ ಅಡ್ಡಗೆರೆ ಎಳೆದು, ಬಸಲಿಂಗವ್ವ ಹೇಳಿದ್ದನ್ನು ಹೇಳಿದ ಹಾಗೆಯೇ, ನವಲಗುಂದದ ಮಾತಿನಲ್ಲೇ ಬರೆದು, ಓದಿ ಹೇಳಿ, ಸರಿಯೇ ಎಂದು ಕೇಳಿದರು. ಸರಿಯೆಂದು ಅವರು ಸಹಿ ಹಾಕಿದರು. ದೂಜನೂ ಹೆಬ್ಬೆರಳು ಒತ್ತಿದ.

ಮೋನಪ್ಪ ಶೆಟ್ಟರು ಕಾಗದವನ್ನು ತೆಗೆದುಕೊಂಡು ಬಹಳ ಹೊತ್ತು ಓದಿದರು. ಕಣ್ಣು ಒರೆಸಿಕೊಂಡರು, ಯಾರು ನೋಡಿದರೆ ನನಗೇನು ಎನ್ನುವಂತೆ. ದೂಜನನ್ನು ತೆಗೆಯುವ ಮಾತು ಮತ್ತೆ ಎತ್ತಲಿಲ್ಲ. ದೂರು ವಾಪಸು ಪಡೆದಿದ್ದೇನೆ, ಇವರಿಬ್ಬರ ಮೇಲೂ ಕ್ರಮ ಬೇಡ ಎಂದು ಕೆಳಗೆ ಬರೆದು ಸಹಿ ಮಾಡಿ, ತಾವೇ ಎದ್ದು ಬಸಲಿಂಗವ್ವನ ಹತ್ತಿರ ಬಂದರು.

“ನಾಳೆ ಶಾಲೆಗೆ ಬರ್ತೀರಲ್ಲ ಟೀಚರ್?”

“ಬರ್ತೀನ್ರಿ,” ಎಂದರು ಬಸಲಿಂಗವ್ವ. “ಬಂದು ಮೊದಲ ಆ ಕೂಸಿಗೆ ಕೇಳಬೇಕು, ನಿಮ್ಮವ್ವನ ಹೆಸರು ಏನಿತ್ತವ್ವಾ ಅಂತ.”